ಕಡಲಿಂದ ಬಂದ ಸೂರು

ತುಮಕೂರಿನವರಿಗೆ ಒಂದು ಪ್ರಶ್ನೆ. ಬಿ.ಎಚ್. ರಸ್ತೆ ಅಂತೀವಲ್ಲ, ಅದರಲ್ಲಿ 'ಎಚ್' ಅಂದ್ರೆ ಏನು? ಕಾಲೇಜಿಗೆ ಹೋಗುವಾಗ ವರ್ಷಗಟ್ಟಲೆ ಅದೇ ರಸ್ತೆಯಲ್ಲಿ ಬಸ್ಸಿಗೆ ಕಾದವನು ನಾನು. ನನಗೂ ಗೊತ್ತಿರಲಿಲ್ಲ. ಹೊನ್ನಾವರ. ಬೆಂಗಳೂರು–ಹೊನ್ನಾವರ ರಸ್ತೆ. ಸಮುದ್ರ ಮಟ್ಟದಿಂದ ಎಂಟುನೂರು ಮೀಟರ್ ಎತ್ತರದಲ್ಲಿ, ಪ್ರತಿ ವರ್ಷ ಮಳೆಗೆ ಕತ್ತೆತ್ತಿ ಕಾಯುವ ನಮ್ಮೂರಿನ ಮುಖ್ಯ ರಸ್ತೆಯ ಹೆಸರಿನ ತುದಿಯಲ್ಲಿ ಒಂದು ಕಡಲ ತೀರ ಇದೆ.

ಇದೆಲ್ಲ ತಿಳಿದಿದ್ದು ಮನೆ ರಿಪೇರಿಗೆ ಕೈ ಹಾಕಿದ ಮೇಲೆ.

ಅಂತರಸನಹಳ್ಳಿ ಅಂದ್ರೆ ಈಗ ಜನಕ್ಕೆ ನೆನಪಾಗೋದು ಇಂಡಸ್ಟ್ರಿಯಲ್ ಏರಿಯಾ, ಇಲ್ಲಾಂದ್ರೆ ತರಕಾರಿ ಮಾರ್ಕೆಟ್ಟು. ಬೆಂಗಳೂರಿನಿಂದ ಶಿರಾ ಕಡೆ ಹೈವೇಯಲ್ಲಿ ಹೋಗೋರು ಗಾಡಿ ನಿಲ್ಲಿಸದೆ ದಾಟುವ ಊರು. ಆದ್ರೆ ಒಳಗೆ ಹಳೆ ಊರು ಅಂತ ಒಂದಿದೆ. ಅಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಇದೆ. ಮುಂಬಾಗಿಲ ಮೇಲೆ ಗಾರೆಯಲ್ಲಿ '1957' ಅಂತ ಬರೆದಿದ್ದಾರೆ. ಹೊರಗೆ ಜಗುಲಿ, ಒಳಗೆ ನಡುಮನೆ, ಪಕ್ಕಕ್ಕೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು, ಹಿತ್ತಲಿನ ಕೊನೆಗೆ ಬಚ್ಚಲು. ಮಣ್ಣಿನ ಇಟ್ಟಿಗೆಯ ಗೋಡೆ, ಕೆಂಪು ಗಾರೆ ನೆಲ, ಮೇಲೆ ಮಂಗಳೂರು ಹೆಂಚು. ಅಪ್ಪ ಹೋದ ಮೇಲೆ ಅಲ್ಲಿ ಅಮ್ಮ ಒಬ್ಬಳೇ. ನಾನು ಬೆಂಗಳೂರಲ್ಲಿ, ಎಲ್ಲರ ಹಾಗೆ, ವೀಕೆಂಡ್ ಮಗ.

ಒಂದು ಮಳೆಗಾಲ ನಡುಮನೆಯಲ್ಲಿ ಏಳು ಪಾತ್ರೆ ಇಟ್ಟು ಮಲಗಬೇಕಾಯ್ತು. ಆಗ ಮೂರು ಸಲಹೆ ಬಂತು.

ಮೊದಲನೆಯದು ಕಾಂಟ್ರಾಕ್ಟರದು. "ಕೆಡವ್ಬಿಟ್ಟು ಆರ್‌ಸಿಸಿ ಹಾಕ್ಸಿ ಸಾರ್. ಕೆಳಗೆ ಎರಡು ಅಂಗಡಿ, ಮೇಲೆ ಎರಡು ಮನೆ. ಫ್ಯಾಕ್ಟ್ರಿ ಹುಡುಗ್ರು ಬಾಡಿಗೆಗೆ ಬರ್ತಾರೆ, ಲೋನು ತಾನೇ ತೀರುತ್ತೆ."

ಎರಡನೆಯದು ಇಂಟೀರಿಯರ್ ಡಿಸೈನ್ ಮಾಡುವ ಗೆಳತಿಯದು. "ಇದು ಬಂಗಾರ ಕಣೋ. ಒಂದು ಹೆಂಚೂ ಮುಟ್ಟಬೇಡ. ಹಾಗೇ ಪಾಲಿಶ್ ಮಾಡಿ ಹೋಮ್‌ಸ್ಟೇ ಮಾಡು."

ಮೂರನೆಯದು ಅಮ್ಮಂದು. "ಹಳೇ ಮನೆ ಚೆಂದ ಅನ್ನೋರು ಯಾರೂ ಅದನ್ನ ಗುಡಿಸಿದೋರಲ್ಲ ಕಣಪ್ಪ."

ಮೂರರಲ್ಲೂ ಸತ್ಯ ಇತ್ತು. ಯಾವುದನ್ನ ಕೇಳಬೇಕು ಅಂತ ತೀರ್ಮಾನ ಮಾಡೋಕೆ, ಈ ಮನೆ ಹೀಗೆ ಯಾಕಿದೆ ಅಂತ ಮೊದಲು ತಿಳಿಯಬೇಕಾಯ್ತು.

ಒಡೆದ ಒಂದು ಹೆಂಚನ್ನ ಇಳಿಸಿ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ 'ಮ್ಯಾಂಗಲೋರ್' ಅಂತ ಅಚ್ಚು. ಕಂಪನಿಯ ಹೆಸರಿದ್ದ ಜಾಗಕ್ಕೇ ಸರಿಯಾಗಿ ಮುರಿದಿತ್ತು. ತೂಕ ಎರಡೂವರೆ ಕೆ.ಜಿ. ಇರಬಹುದು. ನಮ್ಮ ಮನೆ ಮೇಲೆ ಇಂಥವು ಸಾವಿರದ ಎಂಟುನೂರರ ಮೇಲಿವೆ. ಅಂದ್ರೆ ನಾಲ್ಕೂವರೆ ಟನ್ ಕರಾವಳಿಯ ಮಣ್ಣು ಅಂತರಸನಹಳ್ಳಿಯಲ್ಲಿ ನಮ್ಮ ತಲೆ ಮೇಲೆ ಅರವತ್ತು ವರ್ಷಕ್ಕೂ ಮೀರಿ ಕೂತಿದೆ.

ಈ ಹೆಂಚಿನ ಕಥೆ ಶುರುವಾಗೋದು ಬಾಸೆಲ್ ಮಿಷನ್‌ನಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಈ ಕ್ರೈಸ್ತ ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನ 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಈ ಮಿಷನ್ನಿನವರು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಕೂಡ. ಪತ್ರಿಕೆ, ನಿಘಂಟು ನಮಗೆ ಶಾಲೆಯ ಪಾಠದಲ್ಲಿ ಸಿಗುತ್ತೆ. ಹೆಂಚು ಪಾಠದಲ್ಲಿ ಸಿಗಲ್ಲ, ಆದ್ರೆ ಮೂರರಲ್ಲಿ ಹೆಚ್ಚು ಮನೆ ಮುಟ್ಟಿದ್ದು ಅದೇ.

ಧರ್ಮ ಪ್ರಚಾರಕ್ಕೆ ಬಂದವರು ಹೆಂಚಿನ ಕಾರ್ಖಾನೆ ಯಾಕೆ ತೆರೆದರು? ಉತ್ತರ ಜಾತಿಯಲ್ಲಿದೆ. ಮತಾಂತರ ಆದವರಿಗೆ ಅವರ ಜಾತಿಯಿಂದ ಬಹಿಷ್ಕಾರ. ಜಾತಿ ಹೋದರೆ ಜಾತಿಯ ಜೊತೆಗಿದ್ದ ಕಸುಬೂ ಹೋಯ್ತು, ಗೇಣಿಯ ಭೂಮಿಯೂ ಹೋಯ್ತು, ಇರೋ ಸೂರೂ ಹೋಯ್ತು. ಅವರ ಹೊಟ್ಟೆಪಾಡಿಗೆ ಮಿಷನ್ ಮೊದಲು ಮುದ್ರಣಾಲಯ, ಆಮೇಲೆ ನೇಯ್ಗೆ, ಕೊನೆಗೆ ಹೆಂಚು ಅಂತ ಒಂದೊಂದೇ ಪ್ರಯತ್ನ ಮಾಡಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನ್ನಿನ ತಂತ್ರಜ್ಞ 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ. ನದಿ ತಂದು ಹಾಕಿದ ಜೇಡಿಮಣ್ಣು ಅಲ್ಲೇ ಇತ್ತು. ಸುಡೋಕೆ ಕಟ್ಟಿಗೆ ನದಿಯ ಮೇಲೇ ಬರ್ತಿತ್ತು. ತಯಾರಾದ ಮಾಲು ಸಾಗಿಸೋಕೆ ಎದುರಿಗೇ ಬಂದರು.

ಹೆಂಚಿನ ವಿನ್ಯಾಸ ಯುರೋಪಿನದು. ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1840ರ ದಶಕದ ಶುರುವಿನಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಹೆಂಚು ಮಾಡಿದ್ರು. ನಮ್ಮ ನಾಡಹೆಂಚು ಅರ್ಧ ಕೊಳವೆಯ ಥರ. ಒಂದರ ಮೇಲೊಂದು ಬರೀ ಭಾರದಿಂದ ಕೂತಿರುತ್ತೆ. ಕೋತಿ ಓಡಿದ್ರೆ ಜಾರುತ್ತೆ, ಬೆಕ್ಕು ಓಡಿದ್ರೂ ಜಾರುತ್ತೆ. ಮಂಗಳೂರು ಹೆಂಚಿನ ಅಂಚಲ್ಲಿ ಕಾಲುವೆ ಇದೆ, ಪಕ್ಕದ ಹೆಂಚಿನ ಏಣು ಅದರೊಳಗೆ ಕೂರುತ್ತೆ. ಕೆಳಗೆ ಎರಡು ಗುಬುಟು, ಅವು ರೀಪಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಮೊಳೆ ಬೇಡ, ಗಾರೆ ಬೇಡ. ಒಂದು ಒಡೆದ್ರೆ ಅದೊಂದನ್ನೇ ಎತ್ತಿ ಬೇರೆ ಹಾಕಬಹುದು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಮಾಡ್ಯುಲರ್.

ಮಿಷನ್ ಮುಂದೆ ಕುದ್ರೋಳಿ, ಮಲ್ಪೆಯಿಂದ ಹಿಡಿದು ಕೇರಳದ ಫೆರೋಕ್, ಪಾಲಕ್ಕಾಡಿನವರೆಗೆ ಒಟ್ಟು ಏಳು ಕಾರ್ಖಾನೆ ನಡೆಸಿತು. ಊರಿನ ಉದ್ಯಮಿಗಳೂ ಹಿಂದೆಯೇ ಶುರು ಮಾಡಿದ್ರು. ಹೆಂಚು ಹಡಗಿನಲ್ಲಿ ಏಡನ್, ಬಸ್ರಾ, ಪೂರ್ವ ಆಫ್ರಿಕಾಕ್ಕೆ ಹೋಯ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನ ವಶಪಡಿಸಿಕೊಂಡಿತು, ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಮಾಲೀಕರು ಬದಲಾದ್ರು. ಹೆಂಚಿನ ಆಕಾರ ಬದಲಾಗಲಿಲ್ಲ.

ಇನ್ನೊಂದು ವಿಷಯ. ಹಳೆಯ ಮಲಬಾರಿನಲ್ಲಿ ದೇವಸ್ಥಾನ, ಅರಮನೆ ಬಿಟ್ಟು ಬೇರೆಯವರು ಹೆಂಚು ಹೊದಿಸೋಕೆ ಅರಸರ ಅಪ್ಪಣೆ ಬೇಕಿತ್ತು. ಸೂರಿನ ಮೇಲೆ ಏನಿದೆ ಅನ್ನೋದೇ ಮನೆಯವರ ಅಂತಸ್ತಿನ ಗುರುತು. ಕಾರ್ಖಾನೆ ಬಂದ ಮೇಲೆ ದುಡ್ಡಿದ್ದವರು ಯಾರು ಬೇಕಾದ್ರೂ ಕೊಳ್ಳುವ ಹಾಗಾಯ್ತು. ಜಾತಿ ಕಳೆದುಕೊಂಡವರು ಮಾಡಿದ ಹೆಂಚು, ಸೂರಿನ ಮೇಲಿದ್ದ ಜಾತಿಯನ್ನೂ ಸ್ವಲ್ಪ ಅಳಿಸಿತು. ಈ ಮಾತನ್ನ ಇಲ್ಲೇ ಇಟ್ಟಿರಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತೆ.

ಸರಿ, ಕರಾವಳಿಗೆ ಹೆಂಚು ಯಾಕೆ ಬೇಕು ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಮಂಗಳೂರಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಏಳುನೂರರ ಆಸುಪಾಸು. ಅಷ್ಟಕ್ಕೆ ನಮ್ಮ ಹಿರಿಯರ ಮಣ್ಣಿನ ಮಾಳಿಗೆಯೇ ಸಾಕಿತ್ತು. ತಾತನಿಗೆ ಕಡಲಿನ ಹೆಂಚು ಯಾಕೆ ಬೇಕಾಯ್ತು?

ಒಂದು ಕಾರಣ ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಹಳೇ ಮೈಸೂರಿನ ಊರೂರಲ್ಲಿ ಸುತ್ತಿತು. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂತ ಕಥೆ ನಮ್ಮ ಕಡೆ ಎಲ್ಲ ಹಳೆ ಮನೆಗಳಲ್ಲೂ ಇದೆ. ಇಲಿ ಸೇರಿಕೊಳ್ಳುವ ಕತ್ತಲೆ ಮಾಳಿಗೆ ಮನೆಗಳ ಮೇಲೆ ಆಗ ಅನುಮಾನ ಹುಟ್ಟಿತು. ಗಾಳಿ ಬೆಳಕು ಇರೋ ಹೆಂಚಿನ ಮನೆ 'ಆರೋಗ್ಯದ ಮನೆ' ಅನ್ನಿಸಿಕೊಂಡಿತು. ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಆ ರೀತಿಯ ಮನೆಗಳಿಂದ ತುಂಬಿದವು. ಅದನ್ನ ನೋಡಿದ ಸುತ್ತಲಿನ ಊರಿನವರಿಗೆ ಹೆಂಚು ಅಂದ್ರೆ ಹೊಸ ಕಾಲ.

ಇನ್ನೊಂದು ಕಾರಣ ಆ ವರ್ಷಗಳದ್ದೇ. 1956ರ ನವೆಂಬರ್ 1ರವರೆಗೆ ಮಂಗಳೂರು ಮದ್ರಾಸ್ ರಾಜ್ಯದಲ್ಲಿತ್ತು, ತುಮಕೂರು ಮೈಸೂರು ರಾಜ್ಯದಲ್ಲಿ. ಏಕೀಕರಣ ಆದ ಮರುವರ್ಷ ತಾತ ಮನೆ ಕಟ್ಟಿಸಿದ್ದು. "ಈಗ ಮಂಗಳೂರೂ ನಮ್ದೇ" ಅಂತ ತಾತ ಹೆಂಚಿನ ಲಾರಿ ಮುಂದೆ ನಿಂತು ಹೇಳಿದ್ರಂತೆ. ಅಮ್ಮನಿಗೆ ಇದನ್ನ ಹೇಳಿದ್ದು ನಮ್ಮಜ್ಜಿ. ಅಜ್ಜಿ ಮಾತಿನಲ್ಲಿ ಮಸಾಲೆ ಇರುತ್ತೆ, ಆದ್ರೆ ಇದು ನಿಜ ಅಂತಲೇ ನನಗೆ ಇಷ್ಟ.

ಅಂದ್ರೆ ನಾವು 'ಸಾಂಪ್ರದಾಯಿಕ' ಅಂತ ಫೋಟೋ ತೆಗೆಯುವ ಈ ಮನೆ, ಕಟ್ಟಿದ ದಿನ ಊರಿಗೇ ಮಾಡರ್ನ್ ಮನೆ. ಫ್ರಾನ್ಸಿನ ವಿನ್ಯಾಸ, ಜರ್ಮನ್ನರ ಕಾರ್ಖಾನೆಯ ಪರಂಪರೆ, ಕರಾವಳಿಯ ಮಣ್ಣು. ಅದನ್ನ ನಮ್ಮೂರಿನ ಬಡಗಿ ತನ್ನ ಲೆಕ್ಕಕ್ಕೆ ಬಗ್ಗಿಸಿಕೊಂಡಿದ್ದ. ಕರಾವಳಿ ಮನೆಯಷ್ಟು ಇಳಿಜಾರು ಕೊಟ್ಟಿಲ್ಲ, ಸೂರನ್ನೂ ಅಷ್ಟು ಮುಂದಕ್ಕೆ ಚಾಚಿಲ್ಲ. ಮರ ಉಳಿಯಿತು. ಗಾಳಿ ಮಳೆ ಜೋರಾಗಿ ಬಂದ ವರ್ಷ ಏಳು ಪಾತ್ರೆ ಇಡುವ ಹಾಗೂ ಆಯ್ತು.

ಅದೇ ಅಚ್ಚಿನ ಇನ್ನೂರು ಹೆಂಚು ಬೇಕಿತ್ತು. ಹಾಗಾಗಿ ಹೆಂಚು ಬಂದ ದಾರಿಯಲ್ಲಿ ಹಿಂದಕ್ಕೆ ಹೊರಟೆ. ರಾಷ್ಟ್ರೀಯ ಹೆದ್ದಾರಿ 73 ತುಮಕೂರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ ದಾಟಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಸೇರುತ್ತೆ. ಗುಬ್ಬಿಯ ತೆಂಗಿನ ತೋಟದ ನಡುವಿನ ಹೆಂಚಿನ ಮನೆಗೂ ಘಾಟಿ ಕೆಳಗಿನ ಹೆಂಚಿನ ಮನೆಗೂ ಇರುವ ವ್ಯತ್ಯಾಸ ನೋಡ್ತಾ ಹೋಗಿ. ಇಳಿಯುತ್ತಾ ಇಳಿಯುತ್ತಾ ಚಾವಣಿ ಕಡಿದಾಗುತ್ತೆ.

ಹಳೆ ಹೆಂಚು ಮಾರುವವರ ಅಂಗಳದಲ್ಲಿ ಸಾಲು ಸಾಲು ಹೆಂಚು ಪೇರಿಸಿಟ್ಟಿದ್ದರು. "ಎಂತ ಮಾರಾಯ್ರೆ, ನೀವು ಗಟ್ಟದ ಮೇಲಿನವರು ಹಳೆ ಹೆಂಚು ಹುಡುಕಿಕೊಂಡು ಬರ್ತೀರಿ, ಇಲ್ಲಿಯವರು ಹೆಂಚು ಇಳಿಸಿ ಶೀಟು ಹಾಕಿಸ್ತಾರೆ" ಅಂದ್ರು. ಯಾಕೆ ಅಂತ ಕೇಳಿದೆ. "ಮಳೆಗಾಲದ ಮೊದಲು ಮಾಡು ಹತ್ತಿ ಹೆಂಚು ಸರಿ ಮಾಡ್ಲಿಕ್ಕೆ ಜನ ಎಲ್ಲಿ ಉಂಟು?"

ಅವತ್ತು ರಾತ್ರಿ ಉಳಿದಿದ್ದು ಉಳ್ಳಾಲದ ಕಡಲ ದಂಡೆ ಹತ್ತಿರ, ಗೆಳೆಯನೊಬ್ಬನ ಅಜ್ಜಿಮನೆಯಲ್ಲಿ. ಅದೂ ನಮ್ಮ ಮನೆಯ ಓರಗೆಯದ್ದೇ. ಅವರೂ ರಿಪೇರಿ ಮುಗಿಸಿದ್ದರು. ನನಗೆ ಆಶ್ಚರ್ಯ ಆಗಿದ್ದು, ಆ ಮನೆಯಲ್ಲಿ ಹೆಚ್ಚು ಕೆಟ್ಟಿದ್ದು ಹೆಂಚಲ್ಲ. ಎಂಬತ್ತರ ದಶಕದಲ್ಲಿ ಮುಂದಕ್ಕೆ ಸೇರಿಸಿದ ಆರ್‌ಸಿಸಿ ಪೋರ್ಟಿಕೋ. ಉಪ್ಪುಗಾಳಿ ಕಾಂಕ್ರೀಟಿನೊಳಗೆ ನುಸುಳಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ತುಕ್ಕು ಹಿಡಿದ ಸರಳು ಉಬ್ಬುತ್ತೆ, ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಪಕ್ಕದಲ್ಲೇ ಅದಕ್ಕಿಂತ ಹಳೆಯ ಹೆಂಚು, ಪಾಚಿ ತೊಳೆದ್ರೆ ಹೊಸದರ ಥರ.

ಇನ್ನೊಂದು ವಿಷಯ ಕಿಟಕಿ. ಎದುರಿಗೆ ಅರಬ್ಬಿ ಸಮುದ್ರ, ಆದ್ರೆ ಆ ಕಡೆಯ ಗೋಡೆಯಲ್ಲಿ ಎರಡೇ ಎರಡು ಪುಟ್ಟ ಕಿಟಕಿ. ಬೆಂಗಳೂರಿಂದ ಬಂದ ಡಿಸೈನರ್ ಆ ಗೋಡೆ ಪೂರ್ತಿ ಗಾಜು ಮಾಡೋಣ, ಸೀ ವ್ಯೂ ಸಿಗುತ್ತೆ ಅಂದಿದ್ದರಂತೆ. ಮನೆಯ ಹಿರಿಯರು ಒಂದೇ ಮಾತು ಹೇಳಿದ್ರು: "ಜೂನ್ ತಿಂಗಳಲ್ಲಿ ಬಂದು ಒಂದು ರಾತ್ರಿ ಮಲಗಿ, ಆಮೇಲೆ ಗಾಜಿನ ಮಾತು." ಕಿಟಕಿ ಚಿಕ್ಕದಾಗಿದ್ದು ಅವರಿಗೆ ಸಮುದ್ರ ನೋಡೋ ರಸಿಕತೆ ಇರಲಿಲ್ಲ ಅಂತಲ್ಲ. ಸಮುದ್ರ ಮನೆಯೊಳಗೆ ಬರ್ತಿತ್ತು ಅಂತ. ನೋಡಬೇಕು ಅನ್ನಿಸಿದ್ರೆ ಜಗುಲಿಗೆ ಬಂದು ಕೂರ್ತಿದ್ರು.

ಅವರು ಕಿಟಕಿ ಹಾಗೇ ಬಿಟ್ಟರು. ಹೆಂಚೆಲ್ಲ ಇಳಿಸಿ, ಗೆದ್ದಲು ಹಿಡಿದ ರೀಪು ಬದಲಿಸಿ, ಅದೇ ಹೆಂಚು ವಾಪಸ್ ಏರಿಸಿದ್ರು. ಪೋರ್ಟಿಕೋ ಕೆಡವಿದ್ರು. ಅಡುಗೆಮನೆ ಮಾತ್ರ ಪೂರ್ತಿ ಹೊಸದು. ಮನೆ ನೋಡೋಕೆ ಹೇಗಿದೆ ಅನ್ನೋದಕ್ಕಿಂತ, ಅದು ಹಾಗೆ ಯಾಕಿದೆ ಅನ್ನೋದನ್ನ ಉಳಿಸಿಕೊಳ್ಳೋದು ಮುಖ್ಯ ಅಂತ ನನಗೆ ಅರ್ಥವಾಗಿದ್ದು ಆ ಎರಡು ಪುಟ್ಟ ಕಿಟಕಿ ನೋಡಿದಾಗ.

ಇನ್ನೂರು ಹೆಂಚು ಹೇರಿಕೊಂಡು ವಾಪಸ್ ಬಂದೆ. ಈಗ ಗೋಡೆ.

ಕೆಲಸಕ್ಕೆ ಒಪ್ಪಿಕೊಂಡ ಮೇಸ್ತ್ರಿ ಊರಿನವರೇ, ಅರವತ್ತು ದಾಟಿದವರು. ಮೊದಲ ದಿನ ಏನೂ ಮಾಡಲಿಲ್ಲ. ಗೋಡೆಗೆ ಕಿವಿ ಕೊಟ್ಟು ಬೆರಳಲ್ಲಿ ತಟ್ಟುತ್ತಾ ಮನೆ ಸುತ್ತಿದ್ರು. ಟೊಳ್ಳು ಸದ್ದು ಬಂದ ಕಡೆ ಇದ್ದಿಲಲ್ಲಿ ಗುರುತು ಹಾಕಿದ್ರು. ಸಂಜೆ ಹೊತ್ತಿಗೆ ಗೋಡೆ ತುಂಬ ಗುರುತು. "ಗೋಡೆ ಉಸಿರು ಕಟ್ಟೈತೆ ಕಣಣ್ಣ. ಮಣ್ಣಿನ ಗೋಡೆಗೆ ಸಿಮೆಂಟು ಯಾರು ಬಳಿಸಿದ್ದು?"

ಬಳಿಸಿದ್ದು ಅಪ್ಪ. 1991ರಲ್ಲಿ.

ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತೆ. ಸುಣ್ಣದ ಗಾರೆ ಇದ್ದರೆ ಅದು ಹೊರಗೆ ಆರಿಹೋಗುತ್ತೆ. ಸಿಮೆಂಟು ಬಳಿದ್ರೆ ತೇವಕ್ಕೆ ದಾರಿ ಇಲ್ಲ. ಒಳಗೇ ಉಳಿದು ಇಟ್ಟಿಗೆಯನ್ನ ಮತ್ತೆ ಮಣ್ಣು ಮಾಡುತ್ತೆ. ಹೊರಗಿನಿಂದ ಗೋಡೆ ಗಟ್ಟಿ, ನಯ, ಆದ್ರೆ ಒಳಗೆ ಪುಡಿ. ಅಪ್ಪ ತಪ್ಪು ಮಾಡಿದ್ರು ಅಂತ ಹೇಳಿ ಮುಗಿಸೋದು ಸುಲಭ. ಆದ್ರೆ ಅಪ್ಪನ ತಪ್ಪಿಗೂ ಒಂದು ಚರಿತ್ರೆ ಇದೆ.

ತಾತ ಮನೆ ಕಟ್ಟಿಸುವಾಗ ಸಿಮೆಂಟು ಅಂಗಡಿಯಲ್ಲಿ ಸಿಗುವ ವಸ್ತು ಆಗಿರಲಿಲ್ಲ. 1956ರಲ್ಲಿ ಅದರ ಹಂಚಿಕೆಯನ್ನ ಸರ್ಕಾರ ಹೊಸದಾಗಿ ಹುಟ್ಟಿದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿಗೆ ವಹಿಸಿತ್ತು. ಅಣೆಕಟ್ಟು, ಕಾರ್ಖಾನೆಗಳಿಗೆ ಮೊದಲು, ಮನೆ ಕಟ್ಟುವವರಿಗೆ ಆಮೇಲೆ. ನಮ್ಮ ಜಿಲ್ಲೆಯ ಅಮ್ಮಸಂದ್ರದಲ್ಲಿ ಡೈಮಂಡ್ ಸಿಮೆಂಟ್ ಮಾಡುವ ಮೈಸೂರ್ ಸಿಮೆಂಟ್ಸ್ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದೂ ನಮ್ಮ ಮನೆ ಎದ್ದ ಮೇಲೆಯೇ. ಅದಕ್ಕೇ ತಾತ ಸಿಕ್ಕಿದ ನಾಲ್ಕು ಮೂಟೆ ಸಿಮೆಂಟನ್ನ ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಿದ್ರು: ನಡುಮನೆಯ ನೆಲಕ್ಕೆ. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಹಸಿ ಇರುವಾಗಲೇ ಕರಣೆಯಲ್ಲಿ ಗಂಟೆಗಟ್ಟಲೆ ತೀಡಿ, ದಿನಗಟ್ಟಲೆ ನೀರು ನಿಲ್ಲಿಸಿ, ಆಮೇಲೆ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದ ನೆಲ. ಉಳಿದಿದ್ದೆಲ್ಲ ಮಣ್ಣು, ಸುಣ್ಣ. ನಾವು ಈಗ ಪರಿಸರಸ್ನೇಹಿ ಅಂತ ಹೊಗಳುವ ಗೋಡೆ ತಾತನ ಆಯ್ಕೆ ಆಗಿರಲಿಲ್ಲ, ಸಿಮೆಂಟಿನ ಬರ ಆಗಿತ್ತು.

ಆ ಬರದ ನೆರಳಲ್ಲಿ ಬೆಳೆದವರು ಅಪ್ಪ. ಪರ್ಮಿಟ್ಟು, ಕ್ಯೂ, ಬ್ಲಾಕ್ ಮಾರ್ಕೆಟ್ಟು. ಸಿಮೆಂಟು ಎಷ್ಟು ದೊಡ್ಡ ವಿಷಯ ಆಗಿತ್ತು ಅಂದ್ರೆ, 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಟ್ಟಿದ್ದು ಸಿಮೆಂಟ್ ಹಂಚಿಕೆಯ ವಿವಾದದಲ್ಲಿ ಬಂದ ಹೈಕೋರ್ಟ್ ತೀರ್ಪಿನ ನಂತರ. ಅದೇ ವರ್ಷ ನಿಯಂತ್ರಣ ಅರ್ಧ ಸಡಿಲಾಯ್ತು, 1989ರಲ್ಲಿ ಪೂರ್ತಿ ಹೋಯ್ತು. ಅದಾಗಿ ಎರಡು ವರ್ಷಕ್ಕೆ ಅಪ್ಪ ಯಾರ ಸಹಿಯೂ ಇಲ್ಲದೆ ಅಂಗಡಿಗೆ ಹೋಗಿ ಮೂಟೆಗಟ್ಟಲೆ ಸಿಮೆಂಟು ತಂದು ಅಪ್ಪನ ಮನೆಗೆ ಬಳಿಸಿದ್ರು. ನನಗೆ ಮಸುಕಾಗಿ ನೆನಪಿದೆ. ಅಪ್ಪ ಸಂಜೆ ಹೊತ್ತು ಗೋಡೆ ಮೇಲೆ ಕೈ ಆಡಿಸ್ತಾ ನಿಲ್ತಿದ್ರು.

ಈಗ ಪ್ರಶ್ನೆ. ಮನೆಯ 'ಮೂಲ ಗುಣ' ಉಳಿಸಬೇಕು ಅಂತೀವಿ. ಮೂಲ ಯಾವುದು? ತಾತನ 1957ಆ, ಅಪ್ಪನ 1991ಆ?

ನಾನೊಬ್ಬನೇ ಕೇಳಿದ ಪ್ರಶ್ನೆ ಅಲ್ಲ ಇದು. ಹಳೆ ಕಟ್ಟಡ ಕಾಯುವವರು 1964ರಲ್ಲಿ ವೆನಿಸ್‌ನಲ್ಲಿ ಸೇರಿ ಒಂದು ಸನ್ನದು ಮಾಡಿಕೊಂಡರು. ಕಟ್ಟಡದ ಮೇಲೆ ಬೇರೆ ಬೇರೆ ಕಾಲ ಬಿಟ್ಟುಹೋದ ಗುರುತುಗಳನ್ನೆಲ್ಲ ಗೌರವಿಸಬೇಕು, ಒಂದೇ ಕಾಲಕ್ಕೆ ವಾಪಸ್ ಒಯ್ಯೋದು ಗುರಿ ಆಗಬಾರದು ಅಂತ ಅದರ ಸಾರ. 1979ರಲ್ಲಿ ಆಸ್ಟ್ರೇಲಿಯಾದವರು ಬರ್ರಾ ಎಂಬ ಹಳೆ ಗಣಿ ಊರಿನಲ್ಲಿ ಕೂತು ಇನ್ನೊಂದು ಸನ್ನದು ಬರೆದರು. ಅಗತ್ಯ ಇರೋದನ್ನೆಲ್ಲ ಬದಲಿಸಿ, ಅಗತ್ಯ ಇಲ್ಲದ್ದನ್ನ ಮುಟ್ಟಬೇಡಿ ಅನ್ನೋದು ಅದರ ತಿರುಳು. ನಮ್ಮ ಹತ್ತಿರದ ಉದಾಹರಣೆ ಮೈಸೂರಿನ ಯಾದವಗಿರಿಯಲ್ಲಿದೆ. ಆರ್.ಕೆ. ನಾರಾಯಣ್ 1950ರ ದಶಕದ ಶುರುವಿನಲ್ಲಿ ಕಟ್ಟಿಸಿದ ಮನೆ. 2011ರಲ್ಲಿ ಅದನ್ನ ಕೆಡವೋಕೆ ಶುರು ಮಾಡಿದಾಗ ಊರಲ್ಲಿ ಗಲಾಟೆ ಎದ್ದಿತು, ಕೆಲಸ ನಿಂತಿತು. ನಗರ ಪಾಲಿಕೆ ಮನೆಯನ್ನ ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ಮ್ಯೂಸಿಯಂ ಮಾಡಿತು. ಅರಮನೆಗಳ ಊರಿನಲ್ಲಿ ಒಂದು ಸಾಮಾನ್ಯ ಮಧ್ಯಮ ವರ್ಗದ ಮನೆಯೂ ಪಾರಂಪರಿಕ ಅಂತ ಒಪ್ಪಿಕೊಂಡಿದ್ದು ಸಣ್ಣ ಸಂಗತಿ ಅಲ್ಲ. ಆದ್ರೆ ಅದು ಮ್ಯೂಸಿಯಂ. ಅಲ್ಲಿ ಯಾರೂ ಅನ್ನ ಬೇಯಿಸಲ್ಲ, ಸ್ನಾನ ಮಾಡಲ್ಲ. ನಮ್ಮನೆಯಲ್ಲಿ ಮಂಡಿ ನೋವಿರುವ ಅಮ್ಮ ರಾತ್ರಿ ಎರಡು ಗಂಟೆಗೆ ಹಿತ್ತಲು ದಾಟಿ ಬಚ್ಚಲಿಗೆ ಹೋಗಬೇಕು.

ಹಾಗಾಗಿ ಸನ್ನದುಗಳನ್ನ ಮೊಬೈಲಿನಲ್ಲೇ ಬಿಟ್ಟು ಅಮ್ಮನನ್ನ ಕೇಳಿದೆ: ನಿನಗೆ ಏನು ಬೇಕು? ನನಗೆ ನೆನಪಿದ್ದ ಹಾಗೆ, ಮನೆಯ ಬಗ್ಗೆ ಅವಳನ್ನ ಯಾರೂ ಹೀಗೆ ಕೇಳಿದ್ದೇ ಇಲ್ಲ. ತಾತ ಕೇಳಿರಲಿಲ್ಲ, ಅಪ್ಪನೂ ಕೇಳಿರಲಿಲ್ಲ. ಅವಳ ಪಟ್ಟಿ ಚಿಕ್ಕದು. ಬಚ್ಚಲು ಒಳಗೆ ಬರಬೇಕು. ಅಡುಗೆಮನೆಗೆ ಬೆಳಕು ಬೇಕು. ನಿಂತು ಅಡುಗೆ ಮಾಡುವ ಕಟ್ಟೆ ಬೇಕು. ನೆಲ ಮಾತ್ರ ಮುಟ್ಟಬೇಡ. "ಅದು ಬೇಸಿಗೇಲಿ ತಣ್ಣಗಿರ್ತದೆ. ಬಿರುಕಿದ್ರೆ ಇರಲಿ, ನಾನೇನು ಬಿರುಕಿಲ್ಲದೆ ಇದೀನಾ?"

ಸಿಮೆಂಟು ಕೆತ್ತಿ ತೆಗೆಸಿದ್ವಿ. ಸುಣ್ಣ ನೆನೆಹಾಕಿ, ಅಳಲೆಕಾಯಿ ಮತ್ತು ಬೆಲ್ಲದ ನೀರು ಬೆರೆಸಿ ಮೇಸ್ತ್ರಿ ಗಾರೆ ಹದ ಮಾಡಿದ್ರು. ಅವರ ಕೈಕೆಳಗಿನ ಹುಡುಗರಿಗೆ ಅದು ಹೊಸದು. ಮೊಬೈಲಲ್ಲಿ ವಿಡಿಯೋ ಮಾಡಿಕೊಂಡ್ರು. ಕೆತ್ತುವಾಗ ಒಂದು ಕಡೆ, ಅಪ್ಪ ಸಂಜೆ ಹೊತ್ತು ನಿಲ್ತಿದ್ದ ಜಾಗದಲ್ಲಿ, ಅಂಗೈಯಗಲ ಸಿಮೆಂಟು ಹಾಗೇ ಬಿಡಿ ಅಂದೆ. ಮೇಸ್ತ್ರಿ ಯಾಕೆ ಅಂತ ಕೇಳಲಿಲ್ಲ.

ಜಗುಲಿಗೆ ಬಂದಾಗ ಮಾತ್ರ ಅವರು ಕೆಲಸ ನಿಲ್ಲಿಸಿ ಕೂತರು. ಜಗುಲಿ ನನಗೆ ಮನೆಯಲ್ಲೇ ಇಷ್ಟದ ಜಾಗ. ಮೂಲ ಗುಣ ಅಂದ್ರೆ ಇದೇ, ಏನೇ ಆದ್ರೂ ಇದನ್ನ ಹಾಗೇ ಉಳಿಸಬೇಕು ಅಂತ ಅವರಿಗೆ ಉತ್ಸಾಹದಿಂದ ವಿವರಿಸ್ತಿದ್ದೆ. ಬಂದವರು ಕೂತು ಮಾತಾಡೋದು, ಊರಿಗೂ ಮನೆಗೂ ನಡುವಿನ ಸೇತುವೆ, ಇತ್ಯಾದಿ.

ಮೇಸ್ತ್ರಿ ಬೀಡಿ ಆರಿಸಿದ್ರು. "ನಮ್ಮಪ್ಪ ಈ ಮನೆಗೆ ಹೆಂಚು ಹೊತ್ತೋನು ಕಣಣ್ಣ. ಅಷ್ಟೂ ಹೆಂಚು ತಲೆ ಮೇಲೆ ಹೊತ್ತು ಏಣಿ ಹತ್ತೋನು. ಗೃಹಪ್ರವೇಶದ ದಿನ ಈ ಜಗುಲಿ ಕೆಳಗೆ ಎಲೆ ಹಾಕಿದ್ರಂತೆ. ಮನೆ ಒಳಗೆ ಹೆಂಗೈತೆ ಅಂತ ಅವನು ನೋಡ್ಲೇ ಇಲ್ಲ. ಮೇಲಿಂದ ನೋಡಿದ್ದ, ಅಷ್ಟೇ."

ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ್ರು. ನನಗೆ ಉತ್ತರ ಇರಲಿಲ್ಲ. ಜಾತಿಯಿಂದ ಹೊರಬಿದ್ದವರ ಕೈ ಕಡಲ ದಂಡೆಯಲ್ಲಿ ಮಾಡಿದ ಹೆಂಚು, ಮುನ್ನೂರು ಕಿಲೋಮೀಟರ್ ದಾಟಿ, ಘಾಟಿ ಹತ್ತಿ, ಇನ್ನೊಬ್ಬರ ತಲೆ ಮೇಲೆ ಏಣಿ ಏರಿ ನಮ್ಮ ಸೂರಾಯ್ತು. ಅದರ ಕೆಳಗೆ ಜಾತಿ ಹಾಗೇ ಉಳಿಯಿತು. ನನಗೆ ಇಷ್ಟವಾದ ಜಗುಲಿ ಸೇತುವೆ ಮಾತ್ರ ಅಲ್ಲ, ಗಡಿಯೂ ಆಗಿತ್ತು. ಮನೆ ಕಟ್ಟುವಾಗ ನಮ್ಮ ತಾತನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕಟ್ಟಿಸಿದ್ರು.

ಆ ಮೇಲೆ ಜಗುಲಿಯನ್ನ ಏನು ಮಾಡೋದು? ಕೆಡವಿದ್ರೆ ಆಗಿದ್ದು ಅಳಿಸಲ್ಲ, ಅಳಿಸಿದ ಹಾಗೆ ಕಾಣುತ್ತೆ ಅಷ್ಟೇ. ಉಳಿಸಿದ್ವಿ. ಅಮ್ಮನ ಮಂಡಿಗೆ ಅನುಕೂಲ ಆಗಲಿ ಅಂತ ಪಕ್ಕಕ್ಕೆ ಒಂದು ಇಳಿಜಾರು, ಹಿಡಿಕೊಳ್ಳೋಕೆ ಕಂಬಿ ಹಾಕಿಸಿದ್ವಿ. ಮನೆ ಬಗ್ಗೆ ಯಾರಾದ್ರೂ ಕೇಳಿದ್ರೆ ಹೆಂಚಿನ ಕಥೆ ಜೊತೆ ಈ ಕಥೆಯನ್ನೂ ಹೇಳ್ತೀನಿ. ಮನೆಯ ಚರಿತ್ರೆ ಅಂದ್ಮೇಲೆ ಚೆನ್ನಾಗಿರೋದನ್ನ ಮಾತ್ರ ಪಾಲಿಶ್ ಮಾಡೋಕಾಗಲ್ಲ.

ಕೆಲಸ ಮುಗೀತು. ಹೆಂಚಿನ ಕೆಳಗೆ ನೀರು ತಡೆಯೋ ಹಾಳೆ ಬಂತು, ಕೆಳಗಿನಿಂದ ಕಾಣಲ್ಲ. ಅಡುಗೆಮನೆ ಮೇಲೆ ಆರು ಗಾಜಿನ ಹೆಂಚು ಕೂತವು. ಪಕ್ಕದ ಕೋಣೆಯ ಅರ್ಧ ಬಚ್ಚಲಾಯ್ತು. ಅದನ್ನ ಹಳೆಯದರ ಥರ ಕಾಣಿಸೋಕೆ ಹೋಗಲಿಲ್ಲ, ಹೊಸದು ಹೊಸದರ ಹಾಗೇ ಇದೆ. ಕಾಂಟ್ರಾಕ್ಟರು ಹೇಳಿದ ಎರಡು ಅಂಗಡಿ, ಎರಡು ಬಾಡಿಗೆ ಮನೆ ಬರಲಿಲ್ಲ, ಇಎಂಐ ನನ್ನ ಸಂಬಳದಿಂದಲೇ ಹೋಗ್ತಿದೆ. ಇದನ್ನೂ ಹೇಳಬೇಕು. ಹಳೆ ಮನೆ ಉಳಿಸೋದು ಅಗ್ಗ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಅಮ್ಮ ಅಡುಗೆಮನೆಯಲ್ಲಿ ಗಾಜಿನ ಹೆಂಚಿನ ಬೆಳಕಿಗೆ ನಿಂತು ಸುತ್ತ ನೋಡಿ, "ಈಗ ಗುಡಿಸಬಹುದು ಬಿಡು" ಅಂದಳು.

ಕೊನೆಯ ದಿನ ಮೇಸ್ತ್ರಿ, ಅವರ ಮನೆಯವರು, ಕೆಲಸದ ಹುಡುಗರು ಎಲ್ಲರಿಗೂ ನಡುಮನೆಯಲ್ಲಿ ಊಟ. ಮುದ್ದೆ, ಹುರುಳಿಕಾಳು ಸಾರು, ಅನ್ನ, ಮಜ್ಜಿಗೆ. ಇಷ್ಟರಿಂದ ಏನೋ ಸರಿಹೋಯ್ತು ಅಂತ ನಾನು ಹೇಳ್ತಿಲ್ಲ. ಕೆಲಸಕ್ಕೆ ಅಂತ ಅವರು ದಿನಾ ಒಳಗೆ ಬಂದಿದ್ದೇ ಬೇರೆ, ಅವತ್ತು ಉಂಡು ಗೋಡೆಗೆ ಒರಗಿ ಕೂತಿದ್ದೇ ಬೇರೆ. ಮೇಸ್ತ್ರಿ ತುಂಬ ಹೊತ್ತು ತಲೆ ಎತ್ತಿ ಚಾವಣಿಯನ್ನೇ ನೋಡ್ತಿದ್ರು. ಏನೋ ದೊಡ್ಡ ಮಾತು ಬರುತ್ತೆ ಅಂತ ನಾನು ಕಾಯ್ತಿದ್ದೆ.

"ಆ ಮೂರನೇ ಸಾಲು ಒಂಚೂರು ಸೊಟ್ಟ ಐತೆ ಕಣಣ್ಣ" ಅಂದ್ರು. "ಮೇಲಿಂದ ಗೊತ್ತಾಗ್ಲಿಲ್ಲ. ನಾಳೆ ಬಂದು ಸರಿ ಮಾಡ್ತೀನಿ."